ದಾಕ್ಷಿಣ್ಯಕ್ಕೆ ತೊಂಬತ್ತನಾಲ್ಕು ಅಂಕ

ನನ್ನ ಹೆಸರು ಸರ್ವಿದಿ. ಕಾಲಿಸೆಂಜೊ ಊರಿನ ಆಸ್ಪತ್ರೆಯಲ್ಲಿ ನಿನ್ನ ಕೆಲಸ ಏನಯ್ಯಾ ಎಂದು ಯಾರಾದರೂ ಕೇಳಿದರೆ, ಎದೆ ಮುಂದೆ ಮಾಡಿ "ಸಂಸ್ಕೃತಿ ಅಳೀತೀನಿ" ಎನ್ನುತ್ತಿದ್ದೆ. ಗಮೆಲಾನ್ ಬಾರಿಸುವುದನ್ನೋ ಕುಣಿತವನ್ನೋ ಅಳೆಯುತ್ತಾನೆ ಎಂದುಕೊಂಡವರೂ ಉಂಟು. ಅಲ್ಲ ಸ್ವಾಮಿ, ಆಪರೇಷನ್ ಥಿಯೇಟರಿನ ಸಂಸ್ಕೃತಿ. ಅಲ್ಲಿರುವ ಡಾಕ್ಟರು, ನರ್ಸುಗಳು ರೋಗಿಯ ಜೀವವನ್ನು ಎಷ್ಟು ಜೋಪಾನ ಮಾಡುತ್ತಾರೆ, ತಪ್ಪು ಕಂಡರೆ ಬಾಯಿ ಬಿಡುತ್ತಾರೋ ನುಂಗಿಕೊಳ್ಳುತ್ತಾರೋ, ದೊಡ್ಡವರು ಎಡವಿದರೆ ಚಿಕ್ಕವರು ಹೇಳುತ್ತಾರೋ ಇಲ್ಲವೋ, ಇದನ್ನೆಲ್ಲ ವರ್ಷಕ್ಕೊಮ್ಮೆ ಪ್ರಶ್ನೆ ಕೇಳಿ ನೂರಕ್ಕೆ ಇಷ್ಟು ಎಂದು ಅಂಕ ಹಾಕುವ ಮಹಾನುಭಾವ ನಾನು.

ಆ ವರ್ಷ ತೊಂಬತ್ತನಾಲ್ಕು ಬಂದಿತ್ತು. ಹೇಗೆ ಬಂತು ಎಂದು ಕೇಳಬೇಡಿ, ಕೇಳದಿದ್ದರೂ ಹೇಳುತ್ತೇನೆ. ಥಿಯೇಟರಿನವರನ್ನೆಲ್ಲ ವಿಶ್ರಾಂತಿ ಕೋಣೆಯಲ್ಲಿ ಕೂರಿಸಿ, ಬಿಸಿಬಿಸಿ ಬಾಳೆಹಣ್ಣಿನ ಬಜ್ಜಿ ತರಿಸಿ, ಪೆನ್ಸಿಲ್ ಹಂಚಿ, "ಮನಸ್ಸಲ್ಲಿ ಇರೋದನ್ನೇ ಬರೀರಿ, ಯಾರ ಹೆಸರೂ ಬೇಡ" ಎಂದು ಹೇಳಿ ಅವರ ಬೆನ್ನ ಹಿಂದೆಯೇ ನಿಂತುಕೊಂಡಿದ್ದೆ. 'ಮೇಲಿನವರು ತಪ್ಪು ಮಾಡುವುದನ್ನು ಕಂಡರೆ ನೇರವಾಗಿ ಹೇಳುತ್ತೇನೆ' ಎಂಬ ಮಾತಿನ ಹತ್ತಿರ ಬಂದಾಗ ನಿಂಗ್ರುಮ್ ಪೆನ್ಸಿಲ್ ಕಚ್ಚಿಕೊಂಡು ನನ್ನತ್ತ ತಿರುಗಿದಳು. ನಿಂಗ್ರುಮ್ ನಮ್ಮ ಥಿಯೇಟರಿನ ನರ್ಸು. ನಾನೇ ಕೈ ಹಿಡಿದು ಕೆಲಸ ಕಲಿಸಿದವಳು.

"ಪಾ, ಇದಕ್ಕೆ ಏನು ಬರೆದ್ರೆ ನಿಮಗೆ ಖುಷಿ ಆಗುತ್ತೆ?" ಎಂದಳು. ಪಾ ಎಂದರೆ ಅಪ್ಪ. ವಯಸ್ಸಾದ ಗಂಡಸರನ್ನು ನಾವು ಹಾಗೆಯೇ ಕರೆಯುವುದು.

"ಅಯ್ಯೋ, ನನ್ನ ಖುಷಿಗೆ ಯಾಕಮ್ಮ ಬರೀತೀಯ? ನಿಜ ಬರಿ," ಎಂದೆ ನಾನು. ಹೇಳುತ್ತಾ ಹೇಳುತ್ತಾ 'ಯಾವಾಗಲೂ' ಎಂಬ ಚೌಕದ ಕಡೆಗೆ ಗದ್ದ ಆಡಿಸಿದೆ. ಎಲ್ಲರೂ ಅದಕ್ಕೇ ಗುರುತು ಹಾಕಿದರು. ತೊಂಬತ್ತನಾಲ್ಕು!

ಅದನ್ನು ಬ್ಯಾನರ್ ಮಾಡಿಸಿ ಆಸ್ಪತ್ರೆಯ ಬಾಗಿಲಿಗೆ ಕಟ್ಟಿದರು. ಥಿಯೇಟರಿನ ಗೋಡೆಗೆ ನನ್ನದೇ ಫೋಟೋ ಇರುವ ಪೋಸ್ಟರು ಬಂತು. ಬೆರಳೆತ್ತಿಕೊಂಡು ನಗುತ್ತಿದ್ದೇನೆ, ಕೆಳಗೆ 'ಹೆದರಬೇಡಿ, ಹೇಳಿಬಿಡಿ!' ಎಂದು ಬರೆದಿದೆ. ಮೇಲಿನವರು ಒಂದು ಪ್ರಶಸ್ತಿಪತ್ರವನ್ನೂ ಕಳಿಸಿದರು, ತೇಗದ ಚೌಕಟ್ಟಿನದು, ಬಾಗಿಲಷ್ಟು ದೊಡ್ಡದು. ಅದನ್ನು ಬೇರೆಯವರು ಮುಟ್ಟಬಾರದು, ನಾನೇ ಗೋಡೆಗೆ ಹಾಕುತ್ತೇನೆ ಎಂದು ಏಣಿ ಹತ್ತಿದೆ. ಎತ್ತಿದೆ. ಹೊಟ್ಟೆಯ ಕೆಳಗೆ, ಬಲತೊಡೆಯ ಸಂದಿಯಲ್ಲಿ, ಏನೋ ಪಕ್ಕನೆ ಜಾರಿದಂತಾಯಿತು. ಮಾರನೆಯ ದಿನ ನೋಡಿದರೆ ಅಲ್ಲಿ ಕೋಳಿಮೊಟ್ಟೆಯಷ್ಟು ಗಂಟು.

"ಹರ್ನಿಯಾ," ಎಂದೆ ಹೆಂಡತಿಗೆ.

"ನಿಮ್ಮ ಜಂಬ ತಡೆಯೋಕಾಗದೆ ಕರುಳೇ ಹೊರಗೆ ಬಂದಿದೆ ಬಿಡಿ," ಎಂದಳು ಲಾಸ್ಮಿ. ಅವಳು ಪ್ರಾಥಮಿಕ ಶಾಲೆಯ ಮೇಡಂ. ಕರುಣೆ ತೋರಿಸುವುದು ಮಕ್ಕಳಿಗೆ ಮಾತ್ರ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆಪರೇಷನ್ ಮಾಡಿಸಿಕೊಳ್ಳಬೇಕು ಎಂದ ಕೂಡಲೇ ತೊಂಬತ್ತನಾಲ್ಕು ಅಂಕದ ನಮ್ಮ ಆಸ್ಪತ್ರೆ ನನ್ನ ತಲೆಗೆ ಬರಲೇ ಇಲ್ಲ. ಸೊಲೊ ನಗರದ ದೊಡ್ಡ ಆಸ್ಪತ್ರೆ ಬಂತು. ಶನಿವಾರ ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ, ಬಸ್ಸು ಹತ್ತಿ ಅಲ್ಲಿಗೆ ಹೋದೆ. ಹೊರರೋಗಿಗಳ ಬೆಂಚಿನ ಮೇಲೆ ಕೂತು ಪಕ್ಕಕ್ಕೆ ತಿರುಗಿದರೆ, ನಮ್ಮ ಥಿಯೇಟರಿನ ಪಾನುತ್! ಅರಿವಳಿಕೆ ಕೊಡುವಾಗ ರೋಗಿಯ ತಲೆಯ ಹತ್ತಿರ ಕೂರುವ ನರ್ಸು ಅವನು. ಜೊತೆಗೆ ಅವನ ಅತ್ತೆ.

"ಪಾ, ನೀವಿಲ್ಲಿ?" ಎಂದ. ಮುಖ ಬಿಳಿಚಿಕೊಂಡಿತ್ತು.

"ಮೀಟಿಂಗ್ ಇತ್ತು ಕಣಪ್ಪ. ನೀನು?"

"ನನಗೂ ಮೀಟಿಂಗೇ ಪಾ. ಅತ್ತೆಗೆ... ಊರು ತೋರಿಸೋಣ ಅಂತ ಕರ್ಕೊಂಡು ಬಂದೆ."

ಅತ್ತೆ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದರು. ಪಿತ್ತಕೋಶದ ಕಲ್ಲು. ಇಬ್ಬರೂ ಹಲ್ಲು ಕಿರಿದು ಹವಾಮಾನದ ವಿಷಯ ಮಾತಾಡಿದೆವು. ಅವನೇನೂ ಬಾಯಿ ಬಿಡಲಿಲ್ಲ, ಪಾಪ. ಆದರೆ ಅತ್ತೆಯ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಸೋಯಾ ಕಾಳಿನ ತೆಂಪೆ ಕೊಳ್ಳಲು ಸಂತೆಗೆ ಹೋದವರು ಅಲ್ಲೇ ಹಂಚಿಬಿಟ್ಟರು. ಸೋಮವಾರ ನಿರ್ದೇಶಕಿ ಬು ಎಸ್ತಿಯವರ ಕೋಣೆಗೆ ನನಗೆ ಕರೆ ಬಂತು. ಬು ಎಂದರೆ ಅಮ್ಮ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೆ ಕುರ್ಚಿ ದೊಡ್ಡದು.

"ಪಾ ಸರ್ವಿದಿ, ಸೊಲೊದಲ್ಲಿ ಮಾಡಿಸ್ಕೋತೀರಂತೆ. ಸಂತೋಷ," ಎಂದರು ತುಂಬ ಸಿಹಿಯಾಗಿ. "ಆ ಬ್ಯಾನರ್ ಬಿಚ್ಚಿ ಎಲ್ಲಿ ಇಡಲಿ ಅಂತ ಅಷ್ಟೇ ಹೇಳಿಬಿಡಿ."

"ಛೇ ಛೇ ಬೂ! ಯಾರು ಹೇಳಿದ್ದು? ನಮ್ಮಲ್ಲೇ ಮಾಡಿಸ್ಕೋತೀನಿ. ಬೇರೆ ಕಡೆ ಯಾಕೆ?" ಎಂದೆ. ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು.

ನಮ್ಮಲ್ಲಿ ಎಂದರೆ ವಿರಾತ್ಮೊ ಡಾಕ್ಟರು. ಎಪ್ಪತ್ತು ದಾಟಿದವರು. ಕಾಲಿಸೆಂಜೊದಲ್ಲಿ ಅವರ ಹೊಲಿಗೆ ಇಲ್ಲದ ಮನೆಯಿಲ್ಲ. ನಮ್ಮ ಅಪ್ಪನ ಹೊಟ್ಟೆ ಕೊಯ್ದು ಬದುಕಿಸಿದವರು ಅವರು, ನನ್ನ ಮದುವೆಗೆ ಸಾಕ್ಷಿ ನಿಂತವರು ಅವರು, ನನಗೆ ಆಸ್ಪತ್ರೆಯಲ್ಲಿ ಕೆಲಸ ಕೊಡಿಸಿದವರೂ ಅವರೇ. ಅವರ ಮುಂದೆ ನಾನು ಇಂದಿಗೂ ಕುರ್ಚಿಯ ತುದಿಯಲ್ಲಿ ಕೂರುವವನು. ಇತ್ತೀಚೆಗೆ ಸ್ವಲ್ಪ ಮರೆವು. ಕತ್ತರಿ ಕೈಯಲ್ಲಿ ಹಿಡಿದು ಕತ್ತರಿ ಕೊಡಿ ಎನ್ನುವರು. ನಿಂಗ್ರುಮಳನ್ನು ಸುಮಿ ಎಂದು ಕರೆಯುವರು. ಸುಮಿ ನಿವೃತ್ತಳಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ. ನಿಂಗ್ರುಮ್ ಸುಮಿ ಎಂದರೂ ಓಗೊಡುತ್ತಾಳೆ. "ತಿದ್ದಿದ್ರೆ ಪಾಪ ಬೇಜಾರು ಮಾಡ್ಕೋತಾರೆ," ಎನ್ನುತ್ತಾಳೆ. ನಮಗೆಲ್ಲ ಅದು ಪ್ರೀತಿಯಿಂದ ನಗುವ ವಿಷಯವಾಗಿತ್ತು. ಈಗ ನನ್ನ ಕರುಳು ಅವರ ಕೈಗೆ ಹೋಗಲಿದೆ ಎಂದಾಗ ಮಾತ್ರ ನಗು ಅಷ್ಟಾಗಿ ಬರಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದರು. ಕೈಯಲ್ಲಿ ಗುರುತು ಹಾಕುವ ನೀಲಿ ಪೆನ್ನು. ಯಾವ ಕಡೆ ಕೊಯ್ಯಬೇಕೋ ಅಲ್ಲಿ, ರೋಗಿ ಎಚ್ಚರವಿರುವಾಗಲೇ, ಕೊಯ್ಯುವ ಡಾಕ್ಟರೇ ಗುರುತು ಹಾಕಬೇಕು. ಈ ನಿಯಮ ಬರೆದವನು ನಾನು. ಅದನ್ನು ಚಂದದ ಅಕ್ಷರದಲ್ಲಿ ಅಚ್ಚು ಹಾಕಿಸಿ ಪ್ರತಿ ವಾರ್ಡಿಗೂ ಅಂಟಿಸಿದವನೂ ನಾನೇ. ಆದರೆ ನಾನು ಸೊಂಟಕ್ಕೆ ಲುಂಗಿಯಂತೆ ಸುತ್ತಿದ್ದ ಸರೋಂಗಿನ ಗಂಟಿಗೆ ಡಾಕ್ಟರು ಕೈ ಹಾಕಲು ಬಂದಾಗ ನಾಚಿಕೆಯಿಂದ ಸತ್ತೇಹೋದೆ. ಬಾಗಿಲಲ್ಲಿ ವಾರ್ಡಿನ ಹುಡುಗಿಯರು ಬೇರೆ ನಿಂತಿದ್ದರು. ಅವರಿಗೆಲ್ಲ ನಾನು ತರಬೇತಿ ಕೊಟ್ಟವನು.

"ಡಾಕ್ಟ್ರೇ, ನೀವ್ಯಾಕೆ ತೊಂದರೆ ತಗೋತೀರಿ? ಪೆನ್ನು ಇಲ್ಲಿ ಕೊಡಿ, ನಾನೇ ಹಾಕ್ಕೋತೀನಿ," ಎಂದೆ ಸರೋಂಗನ್ನು ಬಿಗಿಯಾಗಿ ಹಿಡಿದುಕೊಂಡು.

"ನೀನು ತಿಳಿದವನು. ಹಾಕ್ಕೋ," ಎಂದು ನಕ್ಕು ಹೋದರು.

ಹಾಕಿಕೊಳ್ಳಲು ನೋಡಿದೆ. ನನಗೂ ನನ್ನ ತೊಡೆಯ ಸಂದಿಗೂ ನಡುವೆ ನನ್ನ ಹೊಟ್ಟೆ ಇತ್ತು. ಬಗ್ಗಿದರೆ ಗಂಟು ನೋಯುತ್ತದೆ, ಬಗ್ಗದಿದ್ದರೆ ಕಾಣಿಸುವುದಿಲ್ಲ. ಹೊಟ್ಟೆಯ ಕೆಳಗೆ ಕುರುಡಾಗಿ ಪೆನ್ನು ಆಡಿಸಿದೆ, ಹಾಸಿಗೆ ನೀಲಿಯಾಯಿತು. ಅಷ್ಟರಲ್ಲಿ ವಾರ್ಡಿನ ಹುಡುಗಿ ಬಂದು ತಲೆ ತಗ್ಗಿಸಿ, "ಪಾ, ಗುರುತು ಆಯ್ತಾ?" ಎಂದಳು. "ಆಯ್ತಮ್ಮ," ಎಂದೆ. "ನೋಡಬೇಕಿತ್ತು..." ಎಂದಳು ನೆಲ ನೋಡುತ್ತಾ. "ಆಯ್ತು ಅಂದ್ನಲ್ಲ!" ಎಂದೆ. ಆಯ್ತು ಎಂದು ಬರೆದುಕೊಂಡು ಹೋದಳು. ದೊಡ್ಡವರ ಮಾತಿನ ಮೇಲೆ ಅನುಮಾನ ಪಡುವ ಹುಡುಗಿಯಲ್ಲ ಅವಳು, ಅಷ್ಟು ಚೆನ್ನಾಗಿ ತಯಾರು ಮಾಡಿದ್ದೆ.

ಥಿಯೇಟರಿನಲ್ಲಿ ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದ ಕೆಳಗೆ ನಾನಿಲ್ಲ, ಮೇಲೆ ಪೂರ್ತಿ ಎಚ್ಚರ. ಕೈಯೆರಡನ್ನೂ ಚಾಚಿ ಕಟ್ಟಿದರು. ಎದೆಯ ಮೇಲೆ ಹಸಿರು ಬಟ್ಟೆಯ ತೆರೆ. ತಲೆಯ ಹತ್ತಿರ ಪಾನುತ್, ಕಾಗದ ಹಿಡಿದು ನಿಂಗ್ರುಮ್, ಡಾಕ್ಟರಿಗೆ ಸಹಾಯಕ್ಕೆ ಯುವ ಸರ್ಜನ್ ಅರ್ಗೊ, ಉಪಕರಣ ಕೊಡುವ ನರ್ಸು ಒಬ್ಬಳು. ಎದುರಿನ ಗೋಡೆಯಲ್ಲಿ ನಾನು, ಬೆರಳೆತ್ತಿ ನಗುತ್ತಾ.

ವಿರಾತ್ಮೊ ಡಾಕ್ಟರು ಕೈ ತೊಳೆದು ಒಳಗೆ ಬಂದರು. "ಏನಪ್ಪಾ ಸರ್ವಿದಿ, ಹೇಗಿದೀಯ? ಎಡಗಡೆ ಹರ್ನಿಯಾ, ಅಲ್ವಾ? ಸಣ್ಣ ಕೆಲಸ, ಊಟದ ಹೊತ್ತಿಗೆ ಮುಗಿಸೋಣ," ಎಂದರು.

ಎಡಗಡೆ ಎಂದದ್ದು ನನ್ನ ಕಿವಿಗೆ ಬಿತ್ತು. ಬಾಯಿ ತಪ್ಪಿ ಬಂದಿರಬೇಕು, ಈಗ ಕಾಗದ ಓದುತ್ತಾರಲ್ಲ, ಸರಿಹೋಗುತ್ತದೆ ಎಂದುಕೊಂಡೆ. ಕೊಯ್ಯುವ ಮೊದಲು ಎಲ್ಲರೂ ಕೈ ನಿಲ್ಲಿಸಬೇಕು, ರೋಗಿಯ ಹೆಸರು, ಆಪರೇಷನ್ನು, ಯಾವ ಕಡೆ ಎಂಬುದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಎಲ್ಲರೂ ಒಪ್ಪಬೇಕು. ನಮ್ಮ ಆಸ್ಪತ್ರೆಯಲ್ಲಿ ಇದು ಒಂದು ದಿನವೂ ತಪ್ಪಿದ್ದಿಲ್ಲ. ಅದಕ್ಕೇ ಪೂರ್ತಿ ಅಂಕ ಕೊಟ್ಟಿದ್ದೆ.

ನಿಂಗ್ರುಮ್ ಕಾಗದ ಎತ್ತಿದಳು. ಅದರಲ್ಲಿ ಬಲಗಡೆ ಎಂದಿದೆ, ನನಗೆ ಗೊತ್ತು, ಸಹಿ ಹಾಕಿದವನೇ ನಾನು. ಅವಳು ಕಾಗದ ನೋಡಿದಳು, ಡಾಕ್ಟರ ಮುಖ ನೋಡಿದಳು, ಮತ್ತೆ ಕಾಗದ ನೋಡಿದಳು.

"ರೋಗಿಯ ಹೆಸರು ಸರ್ವಿದಿ," ಎಂದು ಓದಿದಳು.

"ಹ್ಞೂಂ," ಎಂದರು ಎಲ್ಲರೂ.

"ಹರ್ನಿಯಾ ಆಪರೇಷನ್."

"ಹ್ಞೂಂ."

"ಎಡಗಡೆ."

"ಹ್ಞೂಂ," ಎಂದರು ಎಲ್ಲರೂ. ಆ ಹ್ಞೂಂನಲ್ಲಿ ಒಂದು ದನಿ ಮೇಜಿನ ಮೇಲಿಂದ ಬಂತು. ನನ್ನದು!

ನೀವು ನಂಬುವುದಿಲ್ಲ. ನಮ್ಮೂರಲ್ಲಿ ಮನೆಮನೆಗೂ ಕೆಂದುರಿ, ಅಂದರೆ ಪ್ರಾರ್ಥನೆಯ ಊಟ. ಮಗು ಹುಟ್ಟಿದರೂ, ಮುದುಕರು ಸತ್ತರೂ, ಮೋಟಾರ್ ಸೈಕಲ್ ಕೊಂಡರೂ ನೆರೆಯ ಗಂಡಸರೆಲ್ಲ ಚಾಪೆಯ ಮೇಲೆ ಸುತ್ತ ಕೂರುತ್ತೇವೆ. ಹಿರಿಯನೊಬ್ಬ ಇದು ಇಂಥವರ ಸಲುವಾಗಿ, ಇಂಥ ಉದ್ದೇಶಕ್ಕಾಗಿ ಎಂದು ಒಂದೊಂದೇ ಮಾತು ಹೇಳುತ್ತಾನೆ. ಪ್ರತಿ ಮಾತಿಗೂ ನಾವು ಒಟ್ಟಿಗೆ ಹ್ಞೂಂ ಎನ್ನುತ್ತೇವೆ. ಕಣ್ಣು ಮಾತ್ರ ನಡುವೆ ಇಟ್ಟ ಅನ್ನದ ಗೋಪುರದ ಮೇಲೆ, ಕೋಳಿ ಯಾರ ಕಡೆಗೆ ತಿರುಗಿದೆ ಎಂದು. ಯಾರ ಕೆಂದುರಿ, ಯಾತಕ್ಕೆ ಎಂದು ಮನೆಗೆ ಬಂದ ಮೇಲೆ ಲಾಸ್ಮಿ ಕೇಳಿದರೆ ನನಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಹುಟ್ಟಿದಾಗಿನಿಂದ ಅಭ್ಯಾಸವಾದ ಆ ಹ್ಞೂಂ, ನನ್ನ ಸ್ವಂತ ಹೊಟ್ಟೆ ಕೊಯ್ಯುವಾಗಲೂ ಕೋಲೆಬಸವನ ಹಾಗೆ ತಾನಾಗಿಯೇ ಬಂದುಬಿಟ್ಟಿತು.

ತಲೆಯ ಮೇಲಿನ ದೊಡ್ಡ ದೀಪದ ಹೊಳೆಯುವ ಅಂಚಿನಲ್ಲಿ ಎಲ್ಲ ಕಾಣುತ್ತಿತ್ತು. ಬಟ್ಟೆಯ ಕಿಟಕಿ ಎಡಗಡೆಗೇ ತೆರೆದಿದೆ. ಅಲ್ಲಿ ಗಂಟೂ ಇಲ್ಲ, ಗುರುತೂ ಇಲ್ಲ. ಮಲಗಿದಾಗ ಗಂಟು ಒಳಗೆ ಸರಿದು ಯಾವ ಕಡೆಯೂ ಕಾಣುವುದಿಲ್ಲ, ಗುರುತು ಎಲ್ಲಿದೆ ಎಂದರೆ ವಾರ್ಡಿನ ಹಾಸಿಗೆಯ ಮೇಲೆ.

ಹೇಳಿಬಿಡು ಎಂದು ಗೋಡೆಯ ಮೇಲಿನ ನಾನು ಬೆರಳೆತ್ತಿ ನಗುತ್ತಿದ್ದೆ. ಆದರೆ ಹೇಗೆ ಹೇಳಲಿ? ನನ್ನ ಅಪ್ಪನನ್ನು ಬದುಕಿಸಿದವರಿಗೆ, ನಾಲ್ಕು ಜನ ಚಿಕ್ಕವರ ಎದುರಿಗೆ, ನಿಮಗೆ ಎಡ ಬಲ ಗೊತ್ತಾಗಲಿಲ್ಲ ಎಂದು ಹೇಳುವುದೆ? ನಮ್ಮಲ್ಲಿ ಅತಿಥಿಗೆ ಹೊತ್ತಾಯಿತು ಎಂದು ಸಹ ನೇರವಾಗಿ ಹೇಳುವುದಿಲ್ಲ, ಇನ್ನೊಂದು ಲೋಟ ಟೀ ಬೇಕೇ ಎಂದು ಕೇಳುತ್ತೇವೆ. ನಾನೂ ಸುತ್ತಿ ಬಳಸಿಯೇ ಹೊರಟೆ.

"ಡಾಕ್ಟ್ರೇ, ಬಲಗಡೆ ಈಗ ನೋವು ಎಷ್ಟೋ ಕಡಿಮೆ ಆದಂಗಿದೆ," ಎಂದೆ.

"ಬೆನ್ನಿಗೆ ಸೂಜಿ ಕೊಟ್ಟ ಮೇಲೆ ಎಲ್ಲ ಕಡೆಯೂ ಕಡಿಮೆಯೇ ಕಣಯ್ಯ," ಎಂದರು ತೆರೆಯ ಆಚೆಯಿಂದ.

"ಲಾಸ್ಮಿಯೂ ಹೇಳ್ತಾ ಇದ್ದಳು. ಬಲಗಡೆ ಗಂಟು ಕೋಳಿಮೊಟ್ಟೆ ಇದ್ದಂಗಿದೆ ಅಂತ."

"ಲಾಸ್ಮಿ ಚೆನ್ನಾಗಿದಾಳಾ? ಶಾಲೆಗೆ ರಜೆ ಕೊಟ್ರಾ?"

"ಚೆನ್ನಾಗಿದಾಳೆ ಡಾಕ್ಟ್ರೇ. ನಿಮ್ಮ ಆಶೀರ್ವಾದ," ಎಂದೆ. ಹೊಟ್ಟೆ ಕೊಯ್ಯಲು ಹೊರಟವರಿಗೆ ಮನೆಯ ಕ್ಷೇಮ ಸಮಾಚಾರ ಒಪ್ಪಿಸುತ್ತಿದ್ದೇನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ ಎಂದು ಅನ್ನಿಸಿತು.

ಕತ್ತು ಹಿಂದಕ್ಕೆ ಮಾಡಿ ಪಾನುತನನ್ನು ನೋಡಿದೆ. ಅವನ ಹಣೆಯ ಮೇಲೆ ಬೆವರು. ಅವನಿಗೂ ಗೊತ್ತು!

"ಹೇಳೋ," ಎಂದೆ ಪಿಸುಮಾತಲ್ಲಿ.

"ನೀವೇ ಹೇಳಿ ಪಾ."

"ನೀನು ಹೇಳೋ, ನಿನ್ನ ಡ್ಯೂಟಿ ಅದು."

"ನಾನು ಹೇಗೆ ಹೇಳ್ಲಿ ಪಾ? ನೀವು ದೊಡ್ಡೋರಿದ್ದಾಗ ನಾನು ಬಾಯಿ ಹಾಕಿದ್ರೆ ಚೆನ್ನಾಗಿರುತ್ತಾ?"

"ನಾನು ರೋಗಿ ಕಣೋ!"

"ಅರ್ಗೊ ಡಾಕ್ಟ್ರು ಹೇಳ್ತಾರೆ ಅನ್ಸುತ್ತೆ, ಸ್ವಲ್ಪ ತಾಳಿ," ಎಂದ.

ಅರ್ಗೊ ಡಾಕ್ಟರನ್ನು ದೀಪದ ಅಂಚಿನಲ್ಲಿ ನೋಡಿದೆ. ಮುಖಗವಸಿನ ಮೇಲಿನ ಕಣ್ಣುಗಳು ನಿಂಗ್ರುಮಳ ಕಡೆ ನೋಡುತ್ತಿದ್ದವು. ನಿಂಗ್ರುಮ್ ಉಪಕರಣದ ನರ್ಸಿನ ಕಡೆ ನೋಡುತ್ತಿದ್ದಳು. ಆ ನರ್ಸು ಚಾಕುವನ್ನು ಕೊಡಲೂ ಇಲ್ಲ, ಬಿಡಲೂ ಇಲ್ಲ, ಅರ್ಧಕ್ಕೆ ಹಿಡಿದುಕೊಂಡು ನಿಂತಿದ್ದಳು. "ಕೊಡಮ್ಮ, ಏನು ಯೋಚನೆ?" ಎಂದರು ಡಾಕ್ಟರು. ಕೊಟ್ಟಳು.

ಆ ಕೋಣೆಯಲ್ಲಿ ಬಲಗಡೆ ಎಂದು ಗೊತ್ತಿಲ್ಲದಿದ್ದವರು ಒಬ್ಬರೇ. ಚಾಕು ಅವರ ಕೈಯಲ್ಲೇ ಇತ್ತು.

ಚಾಕು ಕೆಳಗಿಳಿಯಿತು. ಅದು ಮುಟ್ಟಿದ್ದು ನನಗೆ ತಿಳಿಯಲಿಲ್ಲ, ಕಂಡಿತು. ದೀಪದಲ್ಲಿ ಒಂದು ಕೆಂಪು ಗೆರೆ, ಉಗುರಿನಷ್ಟು. ಆಗ ನನ್ನೊಳಗಿಂದ ಯಾರೋ ಕಿರುಚಿದರು.

"ಏಯ್! ನಿಲ್ಸೋ! ಬಲಗಡೆ ಕಣೋ ಮುದಿಯ, ಬಲಗಡೆ! ಕಣ್ಣು ಕಾಣ್ಸಲ್ವೇನೋ!"

ಕೆಸರುಗದ್ದೆಯಲ್ಲಿ ಎಮ್ಮೆ ಹೊಡೆಯುವಾಗಲೂ ನಮ್ಮ ಜನ ಇಷ್ಟು ಒರಟಾಗಿ ಮಾತಾಡುವುದಿಲ್ಲ. ಪಾನುತ್ ಕಣ್ಣು ಮುಚ್ಚಿಕೊಂಡಿದ್ದ.

ಡಾಕ್ಟರು ಚಾಕು ಎತ್ತಿ ಹಿಡಿದು ನಿಂತರು. ಆಮೇಲೆ ಮೆಲ್ಲಗೆ ಕೇಳಿದರು. "ಸುಮಿ, ಕಾಗದದಲ್ಲಿ ಏನಿದೆ?"

"ಬಲಗಡೆ ಅಂತಿದೆ ಡಾಕ್ಟ್ರೇ."

"ಮತ್ತೆ ಎಡಗಡೆ ಅಂತ ಯಾಕಮ್ಮ ಓದಿದೆ?"

"ನೀವು ಎಡಗಡೆ ಅಂದ್ರಲ್ಲ ಡಾಕ್ಟ್ರೇ," ಎಂದಳು ನಿಂಗ್ರುಮ್. ಅಳುತ್ತಿದ್ದಳು.

ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ನೆಲ ನೋಡಿದರು. ಆಮೇಲೆ ಚಾಕುವನ್ನು ತಟ್ಟೆಗೆ ಹಾಕಿ, "ಅರ್ಗೊ, ಇದನ್ನ ನೀನು ಮಾಡು. ನಾನು ನೋಡ್ತಾ ಇರ್ತೀನಿ," ಎಂದರು. ಆ ಗೀರನ್ನು ಹೊಲಿಸಿದರು, ಬಲಗಡೆ ಬಟ್ಟೆ ಹಾಸಿಸಿದರು, ಕಾಗದವನ್ನು ಮತ್ತೆ ಓದಿಸಿದರು. ಕೈಕಟ್ಟಿಕೊಂಡು ಕೊನೆಯವರೆಗೂ ನಿಂತಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಸುದ್ದಿ ಅದಕ್ಕಿಂತ ಚೆನ್ನಾಗಿ ಹಬ್ಬಿತು. ಆದರೆ ಯಾವ ಸುದ್ದಿ? ತಪ್ಪು ಕಡೆ ಕೊಯ್ಯಲು ಹೊರಟಿದ್ದರು ಎಂದಲ್ಲ. ಪಾ ಸರ್ವಿದಿ ದೊಡ್ಡ ಡಾಕ್ಟರಿಗೆ ಮುದಿಯ ಎಂದು ಬೈದರಂತೆ! ಅಡುಗೆಮನೆಯವರು ಗಂಜಿ ತಂದಿಟ್ಟು, "ಹಿರಿಯರಿಗೆ ಹಂಗಾ ಅನ್ನೋದು ಪಾ?" ಎಂದು ಹೋದರು. ಪಕ್ಕದ ಹಾಸಿಗೆಯ ಮುದುಕ ನನಗೆ ಬೆನ್ನು ಹಾಕಿ ಮಲಗಿದ. ಅವನ ಪಿತ್ತಕೋಶ ತೆಗೆದವರು ವಿರಾತ್ಮೊ ಡಾಕ್ಟರು. ಲಾಸ್ಮಿ ಬಂದು ಎರಡು ಕಡೆಯ ಪಟ್ಟಿಯನ್ನೂ ನೋಡಿದಳು.

"ಎಡಗಡೆ ಯಾಕೆ ಕೊಯ್ದಿದಾರೆ?"

"ನಾನು ಹ್ಞೂಂ ಅಂದೆ."

ಅವಳು ಬೈಯಲಿಲ್ಲ. ಹಾಸಿಗೆಯ ತುದಿಯಲ್ಲಿ ಕೂತು ನನ್ನ ಕಾಲು ಹಿಡಿದುಕೊಂಡಳು. ಅರಿವಳಿಕೆ ಇನ್ನೂ ಇಳಿದಿರಲಿಲ್ಲ, ಹಿಡಿದದ್ದು ನನಗೆ ತಿಳಿಯಲಿಲ್ಲ. ಅವಳ ಭುಜ ಅಲುಗುತ್ತಿದ್ದುದನ್ನು ನೋಡಿದ ಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು.

ಸಂಜೆ ನಿರ್ದೇಶಕಿ ಬು ಎಸ್ತಿ ಕಿತ್ತಳೆ ಹಣ್ಣಿನ ಬುಟ್ಟಿ ಹಿಡಿದು ಬಂದರು. "ಜೀವ ಉಳೀತಲ್ಲ, ಅದೇ ದೊಡ್ಡದು. ಆದ್ರೂ ಪಾ, ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು," ಎಂದರು.

"ಮರ್ಯಾದೆಯಿಂದ ಹೇಳಿದೆ ಬೂ. ಎರಡು ಸಲ."

"ಹೋಗಲಿ ಬಿಡಿ. ಈ ವರ್ಷದ ಸಮೀಕ್ಷೆಗೆ ಇದನ್ನ ಸೇರಿಸಿ. ತಪ್ಪು ಕಂಡ ಕೂಡಲೇ ಸಿಬ್ಬಂದಿ ಒಬ್ಬರು ಧೈರ್ಯವಾಗಿ ತಡೆದರು ಅಂತ. ಅಂಕ ಇನ್ನೂ ಏರುತ್ತೆ."

"ಆ ಸಿಬ್ಬಂದಿ ನಾನೇ ಬೂ. ಮೇಜಿನ ಮೇಲೆ ಮಲಗಿದ್ದವನು."

"ಅದನ್ನೆಲ್ಲ ಬರೀಬೇಕಾಗಿಲ್ಲ," ಎಂದು ಕಿತ್ತಳೆ ಸುಲಿದು ನನ್ನ ಕೈಗೆ ಕೊಟ್ಟರು. ತಿಂದೆ. ಸಿಹಿಯಾಗಿತ್ತು.

ಡಾಕ್ಟರು ಮಾತ್ರ ಬರಲಿಲ್ಲ. ಹೊಲಿಗೆ ಬಿಚ್ಚಿದವನು ಅರ್ಗೊ. ಅಂದಿನಿಂದ ಡಾಕ್ಟರು ರಜೆಯಲ್ಲಿದ್ದಾರೆ ಎಂದ. ಕ್ಷಮೆ ಕೇಳದೆ ಇದ್ದರೆ ನೆಲ ನನ್ನನ್ನು ಹೊರುವುದಿಲ್ಲ ಎನಿಸಿ, ನಡೆಯಲು ಬಂದ ಕೂಡಲೇ ಬಾಳೆಗೊನೆ, ತೆಂಗಿನ ಬೆಲ್ಲ ಹಿಡಿದು ಅವರ ಮನೆಗೆ ಹೋದೆ. ಬಾತುಕೋಳಿಯ ಹಾಗೆ ಕಾಲು ಅಗಲಿಸಿ ನಡೆಯುತ್ತಾ, ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಅವರು ಜಗುಲಿಯಲ್ಲಿ ಪಾರಿವಾಳದ ಪಂಜರ ತೊಳೆಯುತ್ತಿದ್ದರು. ನನ್ನನ್ನು ಕಂಡು ಕುರ್ಚಿ ಎಳೆದರು. ನಾನು ತುದಿಯಲ್ಲಿ ಕೂತೆ, ಈ ಸಲ ಗಾಯಕ್ಕಾಗಿ.

"ಡಾಕ್ಟ್ರೇ, ನನ್ನದು ಮಹಾ ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋಬೇಕು," ಎಂದೆ.

"ಯಾವುದು ತಪ್ಪು?"

"ಅದೇ... ಬಾಯಿಗೆ ಬಂದಂಗೆ ಬೈದೆನಲ್ಲ."

"ಹ್ಞೂಂ ಅಂದಿದ್ದಕ್ಕಲ್ವಾ?"

ಬಾಯಿಪಾಠ ಮಾಡಿದ್ದೆಲ್ಲ ಅಲ್ಲಿಗೇ ನಿಂತಿತು. ಅವರು ಕೈ ಒರೆಸಿಕೊಂಡು ಎದುರಿಗೆ ಕೂತರು. ಒಳಗಿನಿಂದ ಅವರ ಹೆಂಡತಿ ಶುಂಠಿ ಕಷಾಯ ತಂದಿಟ್ಟು ಹೋದರು.

"ನೀನು ಬೈದ ರಾತ್ರಿ ನಿದ್ದೆ ಬರಲಿಲ್ಲ," ಎಂದರು. "ಬೈದೆ ಅಂತಲ್ಲ. ಅಷ್ಟು ಜನ ಇದ್ರು. ಸುಮಿಗೆ ಗೊತ್ತಿತ್ತು, ಅರ್ಗೊಗೆ ಗೊತ್ತಿತ್ತು. ಅವಳ ಹೆಸರು ಸುಮಿ ಅಲ್ಲವಂತೆ, ನಮ್ಮವಳು ಹೇಳಿದಳು. ನಿಜವಾ?"

"ನಿಂಗ್ರುಮ್, ಡಾಕ್ಟ್ರೇ."

"ಎಷ್ಟು ದಿನದಿಂದ ಸುಮಿ ಅಂತಿದೀನಿ?"

ಅವರು ತಮ್ಮ ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತರು. ನಮ್ಮ ಅಪ್ಪನ ಹೊಟ್ಟೆಯೊಳಗೆ ಹೋಗಿ ಬಂದ ಕೈಗಳು.

"ಸರ್ವಿದಿ, ನೇರವಾಗಿ ಕೇಳ್ತೀನಿ. ನಾನು ಇನ್ನು ಮೇಲೆ ಕೊಯ್ಯಬಹುದಾ?"

ಎಂಥ ಮಾತು ಡಾಕ್ಟ್ರೇ, ನಿಮ್ಮಂಥವರು ಈ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ! ಇದು ನನ್ನ ನಾಲಗೆಯ ತುದಿಗೆ ಬಂದು ಕೂತಿತ್ತು, ಅಲ್ಲೇ ಹುಟ್ಟಿದ್ದೋ ಎಂಬಂತೆ. ಇಲ್ಲಿ ಚಾಕು ಇರಲಿಲ್ಲ, ದೀಪ ಇರಲಿಲ್ಲ, ಕಿರುಚಲು ಕಾರಣವಿರಲಿಲ್ಲ. ಬಿಸಿ ಕಷಾಯ ಇತ್ತು, ನನ್ನ ಮದುವೆಗೆ ಸಾಕ್ಷಿ ನಿಂತವರು ಇದ್ದರು. ನಾಳೆ ಇವರು ಥಿಯೇಟರಿಗೆ ಮರಳಿದರೆ ಮೇಜಿನ ಮೇಲೆ ನಿದ್ದೆಯಲ್ಲಿರುವವರು ಯಾರೋ. ಅವರಿಗೆ ಕಿರುಚಲೂ ಆಗುವುದಿಲ್ಲ.

"ಬೇಡ ಡಾಕ್ಟ್ರೇ," ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಸಾಕು ಮಾಡಿ. ನೀವಿನ್ನು ಚಾಕು ಹಿಡೀಬೇಡಿ."

ಅವರು ತಲೆಯಾಡಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಯಾವಾಗಿಂದ ಗೊತ್ತಿತ್ತು ನಿನಗೆ?" ಎಂದರು.

"ಹೋದ ಲೆಬಾರನ್ ಹಬ್ಬಕ್ಕೂ ಮುಂಚಿನಿಂದ."

"ಹೋದ ಲೆಬಾರನ್‌ಗೆ ನೀನು ಇಲ್ಲಿಗೆ ಬಂದಿದ್ದೆ. ಇದೇ ಜಗುಲೀಲಿ ನನ್ನ ಮಂಡಿಗೆ ಹಣೆ ಹಚ್ಚಿ, ಇನ್ನೂ ಹತ್ತು ವರ್ಷ ನಮ್ಮನ್ನ ನಡೆಸಿ ಡಾಕ್ಟ್ರೇ ಅಂದೆ. ಕಣ್ಣಲ್ಲಿ ನೀರಿತ್ತು ನಿನಗೆ. ಅದು ಸುಳ್ಳಾ?"

"ಇಲ್ಲ ಡಾಕ್ಟ್ರೇ. ಮನಸಾರೆ ಅಂದಿದ್ದೆ," ಎಂದೆ. "ಅದೇ ತಪ್ಪಾಗಿದ್ದು."

ನಾನು ಅಳುತ್ತಿದ್ದೆ, ಅತ್ತರೆ ಗಾಯ ಎಳೆಯುತ್ತಿತ್ತು, ಎಳೆದರೆ ಇನ್ನೂ ಅಳು ಬರುತ್ತಿತ್ತು. ಅವರು ಕಷಾಯದ ಲೋಟವನ್ನು ನನ್ನ ಕಡೆಗೆ ಸರಿಸಿದರು.

"ಬು ಎಸ್ತಿಗೆ ನಾನು 'ನಿಲ್ಲಿಸ್ತೀನಿ' ಅಂದ್ರೆ ಒಪ್ಪಲ್ಲ. ಅವಳೂ ನನ್ನ ಮೇಲೆ ತುಂಬ ಗೌರವ ಇಟ್ಟವಳು," ಎಂದರು. "ನಾಳೆ ಜೊತೆಗೆ ಬರ್ತೀಯಾ?"

"ಬರ್ತೀನಿ ಡಾಕ್ಟ್ರೇ," ಎಂದೆ.

"ಅಲ್ಲಿ ಅವಳೆದುರಿಗೂ ಇದನ್ನೇ ಹೇಳ್ಬೇಕು ಮತ್ತೆ. ಲಾಸ್ಮಿಯ ಕ್ಷೇಮ ಸಮಾಚಾರ ಹೇಳ್ತಾ ಕೂರಬೇಡ."